52 ಸಾಲು, 52 ವಾರ

ಹರಾರೆಯಿಂದ ದಕ್ಷಿಣಕ್ಕೆ ಸುಮಾರು 300 ಕಿ.ಮೀ. ಬಂದರೆ ಮಸ್ವಿಂಗೊ. ಪ್ರವಾಸಿಗರಿಗೆ ಇದು ಗ್ರೇಟ್ ಜಿಂಬಾಬ್ವೆಯ ಕಲ್ಲುಕೋಟೆಯ ಊರು. ಪಟ್ಟಣ ದಾಟಿ ಮಣ್ಣುರಸ್ತೆಗೆ ಇಳಿದರೆ ಎರಡೂ ಬದಿಯಲ್ಲಿ ಬೋಳು ಬಂಡೆಗುಡ್ಡಗಳು, ಅವುಗಳ ಬುಡದಲ್ಲಿ ಬಿಳಿಚಿಕೊಂಡ ಮರಳುಮಣ್ಣಿನ ಹೊಲಗಳು. 2024ರ ಅಕ್ಟೋಬರ್ ಕೊನೆಯ ದಿನಗಳಿವು. ಹೊಲದಲ್ಲಿ ಉಳಿದಿರುವುದು ಹೋದ ಹಂಗಾಮಿನ ಮೆಕ್ಕೆಜೋಳದ ಮೋಟು ಮಾತ್ರ. ಅದಕ್ಕೂ ದನಗಳು ಬಾಯಿ ಹಾಕಿ ಹೋಗಿವೆ. ಹಳ್ಳದಲ್ಲಿ ನೀರಿಲ್ಲ, ಮರಳು ತೋಡಿದ ಗುಂಡಿಗಳ ಸುತ್ತ ಕೊಡಗಳು ಸಾಲುಗಟ್ಟಿವೆ.

ಈ ಸೀಮೆಗೆ ಬರ ಹೊಸದಲ್ಲ. ಆದರೆ ಈ ವರ್ಷದ್ದು ದೇಶವನ್ನೇ ಕೆಡವಿದ ಬರ. ಎಲ್ ನಿನೊ ಪ್ರಭಾವದಿಂದ ಮಳೆ ತಡವಾಗಿ ಬಂತು, ಬೇಗ ಹೋಯಿತು. ಮೆಕ್ಕೆಜೋಳ ಸೂಲಂಗಿ ಬಿಟ್ಟು ಕಾಳು ಕಟ್ಟಬೇಕಾದ ಫೆಬ್ರವರಿಯಲ್ಲಿ ಆಫ್ರಿಕಾ ಖಂಡದ ದಕ್ಷಿಣ ಸೀಮೆಯ ಬಹುಭಾಗದಲ್ಲಿ ದಶಕಗಳಲ್ಲೇ ಕಾಣದಂಥ ಒಣಹವೆ. ಮೊದಲು ಜಾಂಬಿಯಾ, ಆಮೇಲೆ ಮಲಾವಿ, ಏಪ್ರಿಲ್ 3ರಂದು ಜಿಂಬಾಬ್ವೆ ರಾಷ್ಟ್ರೀಯ ವಿಪತ್ತು ಘೋಷಿಸಿದವು. ಪರಿಹಾರಕ್ಕೆ 200 ಕೋಟಿ ಡಾಲರ್ ಬೇಕೆಂದರು ಅಧ್ಯಕ್ಷ ಎಮರ್ಸನ್ ಮ್ನಂಗಾಗ್ವಾ. ಮೆಕ್ಕೆಜೋಳದ ಇಳುವರಿ ಹಿಂದಿನ ವರ್ಷಕ್ಕಿಂತ ಶೇ. 70ಕ್ಕೂ ಹೆಚ್ಚು ಕುಸಿಯಿತು. ನೆರವು ಬೇಕಾದವರ ಸಂಖ್ಯೆಯನ್ನು ವಿಶ್ವಸಂಸ್ಥೆ 76 ಲಕ್ಷ ಎಂದು ಅಂದಾಜಿಸಿತು. ಅಂದರೆ ದೇಶದ ಅರ್ಧದಷ್ಟು ಜನ.

ರಸ್ತೆ ಮುಗಿಯುವಲ್ಲಿ ಇಟ್ಟಿಗೆ ಗೋಡೆ, ತಗಡಿನ ಮಾಡಿನ ಚರ್ಚು. ಆವರಣದ ಮಧ್ಯೆ ದೊಡ್ಡದೊಂದು ಮುಹಾಚಾ ಮರ. ಅದರ ನೆರಳಿನಲ್ಲಿ ಬೆಳಿಗ್ಗೆಯಿಂದಲೇ ಜನ ಕೂತಿದ್ದಾರೆ. ಹೆಂಗಸರೇ ಹೆಚ್ಚು. ಪಕ್ಕದಲ್ಲಿ ಎರಡು ತಳ್ಳುಗಾಡಿ, ಕತ್ತೆ ಕಟ್ಟಿದ ಒಂದು ಬಂಡಿ. ಚರ್ಚಿನ ಗೋದಾಮಿನ ಬಾಗಿಲಲ್ಲಿ ಹಂಚಲು ಇಟ್ಟ ಮೆಕ್ಕೆಜೋಳದ ಚೀಲ, ಬೀನ್ಸ್ ಕಾಳು, ಅಡುಗೆ ಎಣ್ಣೆಯ ಕ್ಯಾನುಗಳು.

ಊರ ಮುಖ್ಯಸ್ಥ, ಇಲ್ಲಿನವರ ಮಾತಿನಲ್ಲಿ ಸಾಭುಕು, ಪಟ್ಟಿ ಹಿಡಿದು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಪಟ್ಟಿ ತಯಾರಾಗಿದ್ದು ಊರ ಸಭೆಯಲ್ಲಿ. ಯಾರ ಮನೆಯಲ್ಲಿ ದುಡಿಯುವ ಕೈ ಇಲ್ಲ, ಯಾರು ಅನಾಥ ಮಕ್ಕಳನ್ನು ಸಾಕುತ್ತಿದ್ದಾರೆ, ಯಾರ ದನ ಸತ್ತಿವೆ ಎಂಬುದು ಊರಿಗೆ ಗೊತ್ತು. ತಪ್ಪು ಹೆಸರು ಬಂದರೆ ಅಲ್ಲೇ ತಕರಾರು ಏಳುತ್ತದೆ. ಹೆಸರು ಕರೆದಾಗ ಎದ್ದ ಒಬ್ಬ ಅಜ್ಜಿ, ಇಲ್ಲಿ ಎಲ್ಲರೂ ಗೌರವದಿಂದ ‘ಅಂಬುಯಾ’ ಎನ್ನುತ್ತಾರೆ, ಚೀಲ ಮುಟ್ಟುವ ಮೊದಲು ಎರಡೂ ಅಂಗೈ ಬೊಗಸೆಯಾಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಶೋನಾ ಹೆಂಗಸರು ಕೃತಜ್ಞತೆ ಹೇಳುವ ರೀತಿ ಅದು.

ಆಕೆ ಈ ಚರ್ಚಿನವರಲ್ಲ ಎಂದು ಪಕ್ಕದಲ್ಲಿದ್ದ ಮುಫುಂದಿಸಿ, ಅಂದರೆ ಪಾಸ್ಟರ್, ನನಗೆ ತಿಳಿಸಿದರು. ಇದು ಸಣ್ಣ ವಿಷಯವಲ್ಲ. ನೆರವನ್ನು ಮತ, ಜನಾಂಗ ನೋಡಿ ಕೊಡಕೂಡದು, ಅದನ್ನು ಮತಪ್ರಚಾರದ ಸಾಧನ ಮಾಡಕೂಡದು ಎಂಬ ನೀತಿಸಂಹಿತೆ 1994ರಲ್ಲೇ ರೂಪುಗೊಂಡಿದೆ. ಅದನ್ನು ರೆಡ್ ಕ್ರಾಸ್ ಜೊತೆ ಕೂತು ರೂಪಿಸಿದವರಲ್ಲಿ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಷನ್, ವಿಶ್ವ ಚರ್ಚುಗಳ ಮಂಡಳಿಯೂ ಇದ್ದವು. ಹಸಿದವರ ಮುಂದೆ ಅನ್ನವಿಟ್ಟು ಧರ್ಮದ ಮಾತು ಎತ್ತುವುದು ಅನ್ನಕ್ಕೂ ಧರ್ಮಕ್ಕೂ ಮಾಡುವ ಅವಮಾನ. ಆ ಎಚ್ಚರ ಇರುವ ಕಡೆ ಮಾತ್ರ ಇಂಥ ಕೆಲಸಕ್ಕೆ ಬೆಲೆ.

ಗೋದಾಮಿನ ಹಿಂದೆ ಹೋದರೆ ಈ ಜಾಗದ ನಿಜವಾದ ವಿಶೇಷ ಕಾಣುತ್ತದೆ. ಮುಳ್ಳುಕೊಂಬೆಯ ಬೇಲಿಯೊಳಗೆ ಒಂದು ಮಾದರಿ ಹೊಲ. 39 ಮೀಟರ್ ಉದ್ದ, 16 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಆರು ಗುಂಟೆ. ಚೀಲ ಪಡೆದವರಲ್ಲಿ ಅನೇಕರು ಅದನ್ನು ಮರದಡಿ ಇಟ್ಟು ಇಲ್ಲಿಗೆ ಬಂದು ನಿಂತಿದ್ದಾರೆ.

ಪಾಠ ಶುರುವಾಗುವುದು ಒಂದು ಹಗ್ಗದಿಂದ. ಹಗ್ಗದುದ್ದಕ್ಕೂ 60 ಸೆಂ.ಮೀ.ಗೆ ಒಂದರಂತೆ ಸೋಡಾ ಬಾಟಲಿಯ ಮುಚ್ಚಳ ಚಪ್ಪಟೆ ಮಾಡಿ ಸಿಕ್ಕಿಸಿದ್ದಾರೆ. ಇಳಿಜಾರಿಗೆ ಅಡ್ಡಲಾಗಿ ಹಗ್ಗ ಎಳೆದು, ಮುಚ್ಚಳ ಬಂದಲ್ಲೆಲ್ಲ ಗುದ್ದಲಿಯಿಂದ ಒಂದು ಗುಣಿ. ಅಗಲ, ಉದ್ದ, ಆಳ ಎಲ್ಲವೂ ಒಂದು ಗೇಣಿಗಿಂತ ಕಡಿಮೆ, ಸುಮಾರು 15 ಸೆಂ.ಮೀ. ಉಳಿದ ನೆಲಕ್ಕೆ ಗುದ್ದಲಿ ತಾಗಿಸುವಂತಿಲ್ಲ, ನೇಗಿಲಂತೂ ಇಲ್ಲವೇ ಇಲ್ಲ. ಗುಣಿಗೆ ಒಂದು ಡಬ್ಬಿ ಕೊಟ್ಟಿಗೆ ಗೊಬ್ಬರ, ಸಿಕ್ಕಿದರೆ ಒಂದು ಮುಚ್ಚಳ ರಸಗೊಬ್ಬರ. ಮೇಲೆ ಮಣ್ಣು ತೆಳ್ಳಗೆ ಎಳೆದು ಮಳೆಗೆ ಕಾಯುವುದು. ಹದ ಮಳೆ ಬಿದ್ದ ಕೂಡಲೆ ಗುಣಿಗೆ ಮೂರು ಕಾಳು ಊರಿ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳುವುದು. ಸಾಲಿಗೆ 28 ಗುಣಿ, ಒಟ್ಟು 52 ಸಾಲು, 1,456 ಗುಣಿ.

52 ಏಕೆ? ವರ್ಷಕ್ಕೆ 52 ವಾರ. ಚೆನ್ನಾಗಿ ಬೆಳೆದರೆ ಒಂದು ಸಾಲಿನ 56 ಗಿಡಗಳಿಂದ ಒಂದು ಬಕೆಟ್ ಕಾಳು ಬರುತ್ತದೆ, ಅದು ಒಂದು ಕುಟುಂಬದ ಒಂದು ವಾರದ ‘ಸಾಡ್ಜಾ’. ಸಾಡ್ಜಾ ಎಂದರೆ ನಮ್ಮ ಮುದ್ದೆಯಂಥದೇ, ಮೆಕ್ಕೆಜೋಳದ ಹಿಟ್ಟಿನದು. ಓದುಬರಹ ಬಾರದವರಿಗೂ ಈ ಲೆಕ್ಕ ಸರಿಯಾಗಿ ನಾಟುತ್ತದೆ. ಹತ್ತು ಸಾಲು ಹಾಳಾದರೆ ಹತ್ತು ವಾರ ಕೊರತೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಹೊಲದ ಮೇಲ್ಭಾಗದಲ್ಲಿ ಒಣಹುಲ್ಲು, ತರಗೆಲೆಗಳ ದಪ್ಪ ಮುಚ್ಚಿಗೆ. ‘ದೇವರ ಕಂಬಳಿ’ ಎಂದು ಇದಕ್ಕೆ ಹೆಸರು. ತರಬೇತಿ ಕೊಡುವ ಹೆಂಗಸು ಒಂದು ಕಡೆ ಹುಲ್ಲು ಸರಿಸಿ ಮಣ್ಣನ್ನು ಮುಟ್ಟಲು ಹೇಳಿದರು. ಪಕ್ಕದ ಬಯಲು ನೆಲ ಅಂಗಾಲು ಸುಡುತ್ತಿತ್ತು, ಹುಲ್ಲಿನಡಿಯ ಮಣ್ಣು ತಣ್ಣಗಿತ್ತು. ಬಿದ್ದ ಮಳೆ ಹರಿದುಹೋಗದೆ ಗುಣಿಯಲ್ಲಿ ನಿಂತು ಇಂಗುವುದು, ಇಂಗಿದ ನೀರನ್ನು ಬಿಸಿಲು ಬೇಗ ಎಳೆದುಕೊಳ್ಳದಂತೆ ಮುಚ್ಚಿಗೆ ತಡೆಯುವುದು, ಇಷ್ಟೇ ಇದರ ಗುಟ್ಟು.

ಈ ಪದ್ಧತಿಯ ಹಿಂದೆ ಬ್ರಯಾನ್ ಓಲ್ಡ್ರೀವ್ ಎಂಬ ಜಿಂಬಾಬ್ವೆಯ ರೈತ ಇದ್ದಾರೆ. 1980ರ ದಶಕದಲ್ಲಿ ಬಿಂಡುರಾ ಬಳಿಯ ಹಿಂಟನ್ ಎಸ್ಟೇಟಿನಲ್ಲಿ ಬೇಸಾಯ ನಷ್ಟಕ್ಕೆ ಬಿದ್ದಾಗ ಅವರು ಕಾಡಿನ ನೆಲವನ್ನು ನೋಡಿದರು. ಅಲ್ಲಿ ಯಾರೂ ಉಳುವುದಿಲ್ಲ, ಎಲೆ ಉದುರಿ ಹೊದಿಕೆಯಾಗುತ್ತದೆ, ಮರ ಬೆಳೆಯುತ್ತದೆ. ಅದನ್ನೇ ಸಣ್ಣ ತುಂಡು ಹೊಲದಲ್ಲಿ ಮಾಡಿ ನೋಡಿ, ಆಮೇಲೆ ವಿಸ್ತರಿಸಿದರು. ಮುಂದೆ ‘ಫೌಂಡೇಷನ್ಸ್ ಫಾರ್ ಫಾರ್ಮಿಂಗ್’ ಸಂಸ್ಥೆಯ ಮೂಲಕ, ಹೆಚ್ಚಾಗಿ ಚರ್ಚುಗಳ ಜಾಲದಲ್ಲಿ, ಇದು ಹಳ್ಳಿಗಳಿಗೆ ಹಬ್ಬಿತು. ಹೊತ್ತಿಗೆ ಸರಿಯಾಗಿ, ಅಚ್ಚುಕಟ್ಟಾಗಿ, ಪೋಲಾಗದಂತೆ, ಸಂತೋಷದಿಂದ: ಅವರ ನಾಲ್ಕು ಸೂತ್ರಗಳು ಇವು. 2020ರಲ್ಲಿ ಸರ್ಕಾರ ಇದನ್ನೇ ‘ಫುಮ್ವುಡ್ಜಾ’ ಎಂಬ ಹೆಸರಿನಲ್ಲಿ ದೇಶವ್ಯಾಪಿ ಯೋಜನೆಯಾಗಿ ಕೈಗೆತ್ತಿಕೊಂಡಿತು.

ಚರ್ಚಿನಿಂದ ಸ್ವಲ್ಪ ದೂರ ನಡೆದರೆ ಒಬ್ಬ ವಿಧವೆಯ ಹೊಲ. ಅವರ ಹಿಂದಿನ ವರ್ಷಗಳ ಕಥೆ ಕೇಳಿದರೆ ಚೀಲವೂ ಗುಣಿಯೂ ಒಂದೇ ಅಂಗಳದಲ್ಲಿ ಯಾಕಿರಬೇಕು ಎಂಬುದು ಅರ್ಥವಾಗುತ್ತದೆ. ನವೆಂಬರ್ ಬಂದರೆ ಮನೆಯ ಕಣಜ ಖಾಲಿ. ಬಿತ್ತನೆಯ ಹದ ಬರುವುದೂ ಆಗಲೇ. ಮಕ್ಕಳ ಹೊಟ್ಟೆಗಾಗಿ ಅವರು ಉಳ್ಳವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು, ಕೂಲಿ ಒಂದು ಬಕೆಟ್ ಕಾಳು. ಇಲ್ಲಿ ಇದನ್ನು ‘ಮರಿಚೊ’ ಎನ್ನುತ್ತಾರೆ. ಮೊದಲ ಮಳೆಗೆ ಬೇರೆಯವರ ಹೊಲ ಬಿತ್ತಿ, ಎರಡು ಮೂರು ವಾರ ತಡವಾಗಿ ತಮ್ಮ ಹೊಲಕ್ಕೆ ಬರುವುದು. ತಡವಾದ ಬೆಳೆ ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಡುತ್ತದೆ. ಮರುವರ್ಷ ಕಣಜ ಇನ್ನೂ ಬೇಗ ಖಾಲಿ. ಬಡತನ ಈ ದೇಶದಲ್ಲಿ ಹೀಗೆ ವರ್ಷದಿಂದ ವರ್ಷಕ್ಕೆ ದಾಟುತ್ತದೆ.

ಈ ಸಲ ಚೀಲದ ಕಾಳು ಅವರನ್ನು ತಮ್ಮ ಹೊಲದಲ್ಲೇ ಉಳಿಸಿದೆ. ಗುಣಿಗಳು ತಯಾರಾಗಿವೆ. ಅರ್ಧ ಹೊಲಕ್ಕೆ ಬಿಳಿಜೋಳ, ಸಜ್ಜೆ. ಒಣ ವಲಯಕ್ಕೆ ಮೆಕ್ಕೆಜೋಳ ನಂಬಿಕಸ್ಥ ಬೆಳೆಯಲ್ಲ ಎಂದು ಸರ್ಕಾರದ ಕೃಷಿ ವಿಸ್ತರಣಾ ಸಿಬ್ಬಂದಿಯೂ ಹೇಳುತ್ತಿದ್ದಾರೆ. ಒಂದು ಮೂಲೆಗೆ ‘ಝ್ವಿಯೊ’ ಕಾಳು ಎತ್ತಿಟ್ಟಿದ್ದಾರೆ. ಗಂಟು ಬಿಚ್ಚಿ ತೋರಿಸಿದರು: ರಾಗಿ! ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದಲೇ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಧಾನ್ಯ. ಕನ್ನಡ ನಾಡಿನ ಹೊಟ್ಟೆ ತುಂಬಿಸಿದ ಕಾಳಿನ ಋಣ ಈ ಖಂಡದ್ದು.

ಈ ಪದ್ಧತಿಯ ಕಷ್ಟಗಳನ್ನು ಯಾರೂ ಮುಚ್ಚಿಡಲಿಲ್ಲ. ಒಣನೆಲದಲ್ಲಿ 1,456 ಗುಣಿ ತೋಡುವುದು ಬೆನ್ನು ಮುರಿಯುವ ದುಡಿಮೆ, ಅದರ ಹೆಚ್ಚಿನ ಪಾಲು ಹೆಂಗಸರ ಮೇಲೆ. ಉಳದ ನೆಲದಲ್ಲಿ ಮೊದಲ ವರ್ಷಗಳಲ್ಲಿ ಕಳೆ ಜಾಸ್ತಿ. ಸುಗ್ಗಿ ಮುಗಿದ ಮೇಲೆ ಹೊಲಗಳು ಊರ ದನಗಳಿಗೆ ಮುಕ್ತ ಎಂಬುದು ಹಳೆಯ ಪದ್ಧತಿ. ಹಾಗಾಗಿ ಮುಚ್ಚಿಗೆ ಉಳಿಸಿಕೊಳ್ಳಲು ಬೇಲಿ ಬೇಕು, ನೆರೆಯವರ ಒಪ್ಪಿಗೆಯೂ ಬೇಕು. ಉಳಿದದ್ದಕ್ಕೆ ಗೆದ್ದಲು. ಮಳೆ ಪೂರ್ತಿ ಕೈಕೊಟ್ಟರೆ ಯಾವ ಗುಣಿಯೂ ಬೆಳೆ ಕೊಡದು. ಆದರೂ ಗುಣಿ ತೋಡುವುದನ್ನು ಸುಗ್ಗಿಯ ಮರುದಿನದಿಂದಲೇ ಶುರುಮಾಡಿ ತಿಂಗಳುಗಳ ಮೇಲೆ ಹಂಚಿಕೊಳ್ಳಬಹುದು, ಎತ್ತಿಲ್ಲದವರು ಎತ್ತಿದ್ದವರ ಸರದಿಗೆ ಕಾಯಬೇಕಿಲ್ಲ. ಇಲ್ಲಿ ‘ನ್ಹಿಂಬೆ’ ಎಂಬ ಮುಯ್ಯಾಳು ಪದ್ಧತಿ ಇನ್ನೂ ಬದುಕಿದೆ. ಮುದುಕರ, ರೋಗಿಗಳ ಹೊಲದ ಗುಣಿಗಳನ್ನು ಊರವರು ಸೇರಿ ತೋಡಿಕೊಟ್ಟಿದ್ದಾರೆ.

2008-09ರಲ್ಲಿ ಹಣದುಬ್ಬರ ಮಿತಿಮೀರಿ ನೋಟು ಕಾಗದವಾದಾಗ, ಕಾಲರಾ 4,000ಕ್ಕೂ ಹೆಚ್ಚು ಜನರನ್ನು ಕೊಂದಾಗಲೂ ಹಳ್ಳಿಗಳಲ್ಲಿ ಚರ್ಚಿನ ಬಾಗಿಲು ತೆರೆದಿತ್ತು. ಹೊರಗಿನ ಸಂಸ್ಥೆಗಳು ಹಣ ಬಂದಾಗ ಬರುತ್ತವೆ, ಯೋಜನೆ ಮುಗಿದಾಗ ಹೊರಡುತ್ತವೆ. ಊರಲ್ಲೇ ಇರುವವರಿಗೆ ಮುಂದಿನ ವರ್ಷದ ಜವಾಬ್ದಾರಿಯೂ ಇರುತ್ತದೆ. ಹಸಿದವರಿಗೆ ಬರೀ ಪಾಠ ಹೇಳುವುದು ಕ್ರೌರ್ಯ. ಬರೀ ಚೀಲ ಕೊಟ್ಟು ಕಳಿಸಿದರೆ ಅದೇ ಜನ ಮುಂದಿನ ಅಕ್ಟೋಬರಿನಲ್ಲೂ ಅದೇ ಮರದಡಿ ಕೂರಬೇಕಾಗುತ್ತದೆ. ಇವೆರಡನ್ನೂ ಒಂದೇ ಬೇಲಿಯೊಳಗೆ ತಂದದ್ದು ಇಲ್ಲಿನವರ ವಿವೇಕ. ಈ ಕೆಲಸವನ್ನು ಎಷ್ಟು ಚೀಲ ಹಂಚಿದರು ಎಂಬುದರಿಂದ ಅಳೆಯಬಾರದು. ಮೊದಲ ಹದ ಮಳೆಯ ದಿನ ಈ ಪಟ್ಟಿಯಲ್ಲಿದ್ದ ಎಷ್ಟು ಹೆಂಗಸರು ಬೇರೆಯವರ ಹೊಲಕ್ಕೆ ಹೋಗದೆ ತಮ್ಮ ಹೊಲದಲ್ಲಿ ಕಾಳು ಊರಿದರು ಎಂದು ಎಣಿಸಬೇಕು.