ಪರಿಸರ ಎಂಜಿನಿಯರಿಂಗ್: ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು



ಹನ್ನೆರಡನೆಯ ತರಗತಿ ಫಲಿತಾಂಶ ಬಂದ ಕೂಡಲೇ ಪಾಲಕರು ನಮ್ಮನ್ನು ಕೇಳುವುದು, ಬ್ಯಾಂಕಿನಲ್ಲಿ ಸಾಲ ಎಷ್ಟು ಸಿಗುತ್ತದೆ ಎಂದು. ತೀರಿಸುವ ಹೊತ್ತಿಗೆ ಅದು ಎಷ್ಟಾಗಿರುತ್ತದೆ ಎಂದು ಕೇಳುವವರು ಕಡಿಮೆ. ಪರಿಸರ ಎಂಜಿನಿಯರಿಂಗ್ ಬಗ್ಗೆ ವಿಚಾರಿಸುವವರಿಗಾಗಿ ಆ ಲೆಕ್ಕವನ್ನೇ ಇಲ್ಲಿ ಕೊಡುತ್ತಿದ್ದೇವೆ.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ವರ್ಷದ ಆರಂಭದಲ್ಲಿ 1.25 ಲಕ್ಷದಂತೆ ನಾಲ್ಕು ವರ್ಷ 5 ಲಕ್ಷ ಪಡೆದಿರೆನ್ನಿ. ಶೇ. 10ರ ಸರಳ ಬಡ್ಡಿಯಾದರೂ ಐದನೆಯ ವರ್ಷದ ಕೊನೆಗೆ ಬಡ್ಡಿಯೇ 1.75 ಲಕ್ಷ. ಕಂತು ಶುರುವಾಗುವುದು 6.75 ಲಕ್ಷದ ಮೇಲೆ. ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 8,900 ರೂ. ಹದಿನೈದು ವರ್ಷಕ್ಕೆ ಎಳೆದರೆ ಕಂತು 7,250ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 13 ಲಕ್ಷ ದಾಟುತ್ತದೆ. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದರೆ ಹತ್ತು ವರ್ಷದ ಕಂತು 6,600 ರೂ. ಮಾತ್ರ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ ಸಾವಿರದ ಚಿಲ್ಲರೆ. ನಾಲ್ಕನೆಯ ವರ್ಷಕ್ಕೆ ನಾಲ್ಕು ಸಾವಿರ ದಾಟುತ್ತದೆ.

ಇನ್ನು ಸಂಬಳ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಗಳ ಪ್ರಕಾರ ಕೊಳೆನೀರು, ಹೊಗೆ ಬಿಡುವ ಕಾರ್ಖಾನೆಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಹಾಗಾಗಿ ಹೊಸೂರಿನ ಕಾರ್ಖಾನೆಗಳಿರಲಿ, ಸೊಲ್ಲಾಪುರದ ಜವಳಿ ಘಟಕಗಳಿರಲಿ, ನೀರು ಶುದ್ಧಗೊಳಿಸುವ ಕೆಲಸ ಇದ್ದೇ ಇರುತ್ತದೆ. ಆದರೆ ಎಲ್ಲರೂ ಕಣ್ಣಿಟ್ಟಿರುವ ಮಂಡಳಿಯ ಹುದ್ದೆಗೆ ಅರ್ಜಿ ಕರೆಯುವುದು ಎಂದೋ ಒಮ್ಮೆ. ಮೊದಲ ಖಾಸಗಿ ಕೆಲಸಕ್ಕೆ 20,000 ರೂ. ಎಂದುಕೊಂಡರೆ, 8,900 ಕಂತು ಹೋಗಿ ಉಳಿಯುವುದು 11,100. ಪರ ಊರಿನ ರೂಮು ಬಾಡಿಗೆ, ಊಟ ಅದರಲ್ಲೇ ಆಗಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲು ಸಿವಿಲ್ ಅಥವಾ ಕೆಮಿಕಲ್ ಓದಿ, ಆಮೇಲೆ ಗೇಟ್ ಬರೆದು ಪರಿಸರ ವಿಷಯದಲ್ಲಿ ಎಂ.ಟೆಕ್. ಮಾಡುವುದು ಮೇಲು. ಬೇರೆ ಕೆಲಸಗಳ ದಾರಿಯೂ ತೆರೆದಿರುತ್ತದೆ. ಗೇಟ್‌ನಲ್ಲಿ 2021ರಿಂದ ಪರಿಸರಕ್ಕೆ ಪ್ರತ್ಯೇಕ ಪತ್ರಿಕೆಯೂ ಇದೆ. ಗೇಟ್ ಪಾಸಾಗಿ ಸೇರಿದವರಿಗೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನ ಬರುವುದರಿಂದ ಎರಡನೆಯ ಸಾಲ ತಪ್ಪಬಹುದು.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದುವವರ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ. 2024ರ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ, ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ, 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ. ಇವು ಕೇಂದ್ರದ ಯೋಜನೆಗಳು. ಗಡಿಯ ಯಾವ ಕಡೆ ಇದ್ದರೂ ಅನ್ವಯಿಸುತ್ತವೆ. ಆದಾಯ ಪ್ರಮಾಣಪತ್ರ ಮಾತ್ರ ತಾವು ವಾಸವಿರುವ ರಾಜ್ಯದ ಕಂದಾಯ ಕಚೇರಿಯಿಂದಲೇ ಬೇಕು. ಅದಕ್ಕೆ ದಿನ ಹಿಡಿಯುತ್ತದೆ, ಈಗಲೇ ಅರ್ಜಿ ಕೊಡಿ.

ಬ್ಯಾಂಕಿನ ಮಂಜೂರಾತಿ ಪತ್ರವನ್ನು ಸಹಿಗೆ ಮುಂಚೆ ಸಂಘದ ಕಚೇರಿಗೆ ತಂದರೆ ಕೂತು ಲೆಕ್ಕ ಹಾಕಿ ಕೊಡುತ್ತೇವೆ. ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ, ಕಂತು ಕಟ್ಟಬೇಕಾದವರು ಅವರೇ.

– ಕಾರ್ಯದರ್ಶಿ