ವಸಡಿನಲ್ಲಿ ರಕ್ತ: ಉಜ್ಜುವುದನ್ನು ನಿಲ್ಲಿಸಬೇಡಿ

ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಬಣ್ಣ ಕಂಡರೆ ನೀವೇನು ಮಾಡುತ್ತೀರಿ? ಬಹಳಷ್ಟು ಮಂದಿ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ನೋವಂತೂ ಇಲ್ಲ, ನಾಲ್ಕು ದಿನ ಬಿಟ್ಟರೆ ಸರಿಹೋದೀತು ಎಂಬ ಎಣಿಕೆ ಅವರದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ರಕ್ತ ಬರುವುದು ಆ ಜಾಗ ಸರಿಯಾಗಿ ಶುಚಿಯಾಗದೆ ಉಳಿದಿರುವುದರಿಂದ. ಉಜ್ಜುವುದನ್ನು ಬಿಟ್ಟರೆ ತೊಂದರೆ ಹೆಚ್ಚುತ್ತದೆ.

ಪಾಚಿ ಕಟ್ಟುವ ಬಗೆ

ವಸಡಿನ ಅಂಚು ಹಲ್ಲಿಗೆ ಪೂರ್ತಿ ಅಂಟಿಕೊಂಡಿರುವುದಿಲ್ಲ. ಆರೋಗ್ಯವಂತ ಬಾಯಿಯಲ್ಲೂ ಅಲ್ಲಿ 1ರಿಂದ 3 ಮಿಲಿಮೀಟರ್ ಆಳದ ಸಂದು ಇರುತ್ತದೆ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ತೆಳುವಾದ ಪೊರೆಯನ್ನು ಹರಡುತ್ತವೆ. ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಂಡು ವೃದ್ಧಿಯಾಗುತ್ತವೆ ಮತ್ತು ತಮ್ಮ ಸುತ್ತ ಅಂಟು ಪದಾರ್ಥವನ್ನು ಸ್ರವಿಸುತ್ತವೆ. ಹೀಗೆ ಕಟ್ಟುವ ಪದರವೇ ಪ್ಲಾಕ್ ಅಥವಾ ದಂತಪಾಚಿ. ಇದು ನಿಜವಾದ ಪಾಚಿಯಲ್ಲ. ಆದರೂ ಕೆರೆಯ ಮೆಟ್ಟಿಲ ಪಾಚಿಯಂತೆ ಇದೂ ಬರೀ ನೀರಿಗೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದವನು. ಆದರೂ 1683ರಲ್ಲಿ ತನ್ನ ಹಲ್ಲುಗಳ ನಡುವಿನ ಬಿಳಿ ಪದಾರ್ಥವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಚಲಿಸುವ ಜೀವಿಗಳು ಕಂಡವು. ಅವನ ಹಲ್ಲುಗಳ ಸಂದುಗಳಲ್ಲಿ ಪಾಚಿ ಉಳಿದೇ ಇತ್ತು.

ಈ ಪಾಚಿಯ ಬ್ಯಾಕ್ಟೀರಿಯಾಗಳು ಹೊರಬಿಡುವ ಪದಾರ್ಥಗಳು ವಸಡನ್ನು ಕೆರಳಿಸುತ್ತವೆ. ರಕ್ಷಣೆಗೆಂದು ಆ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ. ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ವಸಡು ಕೆಂಪೇರಿ ಊದಿಕೊಳ್ಳುತ್ತದೆ. ಹಿಗ್ಗಿದ ಲೋಮನಾಳಗಳು ಬ್ರಷ್ ಸೋಕಿದರೂ ರಕ್ತ ಸುರಿಸುತ್ತವೆ. ವಸಡಿನ ಈ ಉರಿಯೂತಕ್ಕೆ ಜಿಂಜಿವೈಟಿಸ್ ಎಂದು ಹೆಸರು.

ಹನ್ನೆರಡು ಮಂದಿಯ ಪ್ರಯೋಗ

ಪಾಚಿಯೇ ಕಾರಣ ಎನ್ನಲು ಆಧಾರವೇನು? ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1965ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ವಸಡಿನ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿಯಾಗಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಚೆನ್ನಾಗಿ ಹಲ್ಲು ಶುಚಿಮಾಡಲು ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾದವು: ಉರಿಯೂತಕ್ಕೆ ಪಾಚಿ ಕಾರಣ, ಈ ಹಂತದಲ್ಲಿ ಅದು ಪೂರ್ತಿ ವಾಸಿಯಾಗಬಲ್ಲದು.

ಹಿಂದಿರುಗಲಾಗದ ಹಂತ

ತೆಗೆಯದೆ ಬಿಟ್ಟ ಪಾಚಿಯಲ್ಲಿ ಜೊಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಗಟ್ಟಿಯಾದ ಗಾರೆಯಾಗುತ್ತದೆ. ಜೊಲ್ಲಿನ ನಾಳಗಳು ತೆರೆಯುವ ಕಡೆ, ಅಂದರೆ ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ, ಇದು ಹೆಚ್ಚು. ಗಾರೆ ಬ್ರಷ್‌ಗೆ ಬಗ್ಗದು, ದಂತವೈದ್ಯರೇ ತೆಗೆಯಬೇಕು. ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಮೂಳೆ ಸವೆದು ಆಗಲೇ ಸಡಿಲವಾಗಿದ್ದ ಹಲ್ಲು, ಗಾರೆ ಹೋದ ಮೇಲೆ ಹಾಗೆ ತೋರುತ್ತದೆ, ಅಷ್ಟೆ.

ಉರಿಯೂತ ಮುಂದುವರಿದರೆ ಕೆಲವರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಳವಾಗುತ್ತದೆ. ಹಲ್ಲನ್ನು ಹಿಡಿದಿರುವ ನಾರುಗಳೂ ದವಡೆಯ ಮೂಳೆಯೂ ಕರಗುತ್ತವೆ. ಇದು ಪೆರಿಯೊಡಾಂಟೈಟಿಸ್. ಚಿಕಿತ್ಸೆಯಿಂದ ಇದನ್ನು ತಡೆದು ನಿಲ್ಲಿಸಬಹುದು. ಆದರೆ ಹೋದ ಮೂಳೆ ತಾನಾಗಿ ಮರಳುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಈ ರೋಗ ಉಲ್ಬಣಿಸುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಬಳಸುವವರಿಗೂ ಅಪಾಯ ಹೆಚ್ಚು. ಧೂಮಪಾನಿಗಳಲ್ಲಿ ರಕ್ತಸ್ರಾವ ಕಡಿಮೆಯಿರುವುದರಿಂದ ಎಚ್ಚರಿಕೆಯ ಗಂಟೆಯೇ ಕೇಳಿಸದೆ ಹೋಗುತ್ತದೆ!

ಉಜ್ಜುವ ಕ್ರಮ

ಮೃದುವಾದ ಎಳೆಗಳ ಬ್ರಷ್ ಆರಿಸಿಕೊಳ್ಳಿ. ಎಳೆಗಳು ಹಲ್ಲು ಮತ್ತು ವಸಡು ಕೂಡುವ ಗೆರೆಗೆ ತಾಗುವಂತೆ, ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಒತ್ತದೆ, ನಿಂತಲ್ಲೇ ಸಣ್ಣದಾಗಿ ಅಲುಗಾಡಿಸಿ ಮುಂದಿನ ಹಲ್ಲಿಗೆ ಸಾಗಿ. ಒಳಬದಿಯನ್ನು ಮರೆಯಬೇಡಿ. ದಿನಕ್ಕೆರಡು ಬಾರಿ, ಎರಡು ನಿಮಿಷ ಉಜ್ಜಬೇಕು. ಒಂದು ಬಾರಿ ರಾತ್ರಿ ಮಲಗುವ ಮುನ್ನವೇ ಆಗಲಿ. ಹಲ್ಲುಗಳ ನಡುವೆ ಬ್ರಷ್ ಹೋಗದು. ಅಲ್ಲಿಗೆ ಫ್ಲಾಸ್ ದಾರ ಅಥವಾ ಸಂದಿನ ಸಣ್ಣ ಬ್ರಷ್ ಬೇಕು. ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಸವೆಸುತ್ತವೆ, ಬಳಸಬೇಡಿ.

ಹೀಗೆ ಎರಡು ವಾರ ಮಾಡಿಯೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಗಾರೆ ಕಟ್ಟಿರಬಹುದು, ಅಪರೂಪಕ್ಕೆ ಬೇರೆ ರೋಗವೂ ಇರಬಹುದು. ಹಲ್ಲು ಅಲುಗಾಡುತ್ತಿದ್ದರೆ ಅಥವಾ ಕೀವು ಬರುತ್ತಿದ್ದರೆ ಎರಡು ವಾರವೂ ಕಾಯಬೇಡಿ.

ತರಗತಿಯಲ್ಲಿ ಮಾಡಿ ನೋಡಿ

ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ, ವಿದ್ಯಾರ್ಥಿಯು ಹಲ್ಲುಕಡ್ಡಿಯಿಂದ ತನ್ನ ಹಲ್ಲಿನ ಬುಡದ ಪಾಚಿಯನ್ನು ತೆಗೆದು ಗಾಜಿನ ಪಟ್ಟಿಯ ಮೇಲೆ ಹನಿ ನೀರಿನಲ್ಲಿ ಹರಡಲಿ. ಅದು ಒಣಗಿದ ಮೇಲೆ ಮೆಥಿಲೀನ್ ನೀಲಿ ಹಾಕಿ, ತೊಳೆದು, ಗರಿಷ್ಠ ವರ್ಧನೆಯಲ್ಲಿ ನೋಡಿ. ನೀಲಿ ಚುಕ್ಕೆಗಳೂ ಕಡ್ಡಿಗಳೂ ಕಾಣುತ್ತವೆ. ಅವು ಅಂದು ಬೆಳಿಗ್ಗೆ ಬ್ರಷ್ ತಲುಪದೆ ಉಳಿದ ಜಾಗದವು. ರಾತ್ರಿ ಹಲ್ಲುಜ್ಜುವಾಗ ಅಲ್ಲಿಂದಲೇ ಆರಂಭಿಸುವಂತೆ ಮಕ್ಕಳಿಗೆ ಹೇಳಿ.