ದೋಣಿ ಮಗುಚಿದ ಮೇಲೆ ಹೊಣೆ ಯಾರದು?

ಕೇರಳದ ನೀರಿನಲ್ಲಿ ಎಲ್ಲಾದರೂ ಬೋಟು ಮಗುಚಿದಾಗ ನಮ್ಮ ಊರುಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ಮೊದಲ ದಿನ ಮರುಕ. ಮರುದಿನ ಬೋಟಿನವನ ಮೇಲೆ ಸಿಟ್ಟು. ಮೂರನೆಯ ದಿನ ಚಹಾದಂಗಡಿಯ ಬೆಂಚಿನಲ್ಲಿ ಕುಳಿತ ಯಾರಾದರೊಬ್ಬರು, "ಅಷ್ಟು ಜನ ತುಂಬಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲವೇ? ಇವರು ಹತ್ತಿದ್ದಾದರೂ ಯಾಕೆ?" ಎಂದು ಕೇಳಿಯೇ ಕೇಳುತ್ತಾರೆ. ಸತ್ತವರು ಬಂದು ಉತ್ತರ ಕೊಡುವಂತಿಲ್ಲ. ಬದುಕಿ ಉಳಿದವರಿಗೆ ಮಾತು ಹೊರಡುವುದಿಲ್ಲ.

ಈ ಪ್ರಶ್ನೆಯನ್ನು ತಳ್ಳಿಹಾಕಲು ನಾವು ಹೊರಟಿಲ್ಲ. ಆದರೆ ಅದನ್ನು ಯಾರಿಗೆ ಕೇಳಬೇಕು ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

2023ರ ಮೇ 7ರಂದು, ಒಂದು ಭಾನುವಾರ ಸಂಜೆ, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ರಜೆಯ ದಿನ, ಕಡಲತೀರ, ಮಕ್ಕಳ ಹಟ. ಕತ್ತಲಾಗುವ ಹೊತ್ತಿಗೆ ಹೊರಟ ಬೋಟು ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಒಂದೇ ಕುಟುಂಬದ 11 ಮಂದಿ ಇದ್ದರು. ಅದು ವಿಹಾರಕ್ಕೆಂದು ಕಟ್ಟಿದ ಬೋಟೇ ಆಗಿರಲಿಲ್ಲ. ಮೀನು ಹಿಡಿಯುವ ಬೋಟಿಗೆ ಮಾಳಿಗೆ ಕೂರಿಸಿ, ಬಣ್ಣ ಬಳಿದು ನೀರಿಗಿಳಿಸಿದ್ದರು. ಮಿತಿಗಿಂತ ಎಷ್ಟೋ ಹೆಚ್ಚು ಜನರನ್ನು ಹತ್ತಿಸಿಕೊಂಡಿದ್ದರು. ಪೋಲೀಸರು ಮಾಲಕನ ಮೇಲೆ ಕೊಲೆಯ ಆರೋಪವನ್ನೇ ಹೊರಿಸಿದರು. ಮುಂದಿನ ತಿಂಗಳು ಬಂದರು ಇಲಾಖೆಯ ಇಬ್ಬರು ಅಧಿಕಾರಿಗಳನ್ನೂ ಬಂಧಿಸಿದರು. ಬೋಟು ನೀರಿಗೆ ಇಳಿಯಲು ಯೋಗ್ಯವೆಂದು ಹೇಳಬೇಕಾದ ಕಚೇರಿಯ ಬಾಗಿಲಿಗೂ ಪ್ರಶ್ನೆ ತಲುಪಿತು.

ಟಿಕೇಟು ತೆಗೆದುಕೊಂಡ ತಾಯಿಗೆ ಇದರಲ್ಲಿ ಯಾವುದು ಗೊತ್ತಿರಲು ಸಾಧ್ಯ? ಬಣ್ಣದ ಕೆಳಗೆ ಮೀನಿನ ಬೋಟು ಇದೆಯೆಂದು ಆಕೆಗೆ ತಿಳಿಯುವುದು ಹೇಗೆ? ಬಸ್ಸು ಹತ್ತುವಾಗ ನಾವು ಬ್ರೇಕು ಪರೀಕ್ಷಿಸಿ ಹತ್ತುತ್ತೇವೆಯೇ? ಸರಕಾರ ನೋಡಿದೆ ಎಂಬ ನಂಬಿಕೆಯಿಂದ ಹತ್ತುತ್ತೇವೆ.

ನಮ್ಮ ಕಾನೂನೂ ಈ ವಿಷಯದಲ್ಲಿ ಹತ್ತಿದವನನ್ನು ದೂರುವುದಿಲ್ಲ. 1860ರ ಭಾರತೀಯ ದಂಡಸಂಹಿತೆಯ 282ನೇ ಕಲಮು ಹೇಳಿದ್ದು ಬಾಡಿಗೆ ಪಡೆದು, ಮಿತಿಮೀರಿ ತುಂಬಿದ ಅಥವಾ ಸುಭದ್ರವಲ್ಲದ ನಾವೆಯಲ್ಲಿ ಜನರನ್ನು ಸಾಗಿಸುವವನ ಅಪರಾಧವನ್ನು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲೂ 284ನೇ ಕಲಮಾಗಿ ಅದೇ ಉಳಿದಿದೆ. ಶಿಕ್ಷೆ ಆರು ತಿಂಗಳ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಒಂದು ಸಾವಿರ ರೂಪಾಯಿ ಇದ್ದ ದಂಡದ ಮಿತಿ ಈಗ ಐದು ಸಾವಿರವಾಗಿದೆ. ಭಾನುವಾರ ಒಂದು ಸಂಜೆಯ ಟಿಕೇಟಿನ ಹಣದಲ್ಲಿ ತೀರಿಸಬಹುದಾದ ದಂಡ! ಜೀವ ಹೋದರೆ ಬೇರೆ ಕಲಮುಗಳಿವೆ ನಿಜ. ಆದರೆ ಜೀವ ಹೋಗುವ ಮೊದಲು ಹೆದರಿಸಬೇಕಾದ ಕಲಮು ಇದೇ ಅಲ್ಲವೇ?

ಹತ್ತದೆ ಬೇರೆ ದಾರಿಯೇ ಇಲ್ಲದವರೂ ಇದ್ದಾರೆ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟ ಸರಕಾರಿ ಬೋಟು ವೇಂಬನಾಡು ಕಾಯಲಿನಲ್ಲಿ ಮುಳುಗಿ 29 ಮಂದಿ ಸತ್ತರು. ಬೋಟು ಕಿಕ್ಕಿರಿದಿತ್ತು. ಅದರಲ್ಲಿದ್ದವರಲ್ಲಿ ಅನೇಕರು ಪಿ.ಎಸ್.ಸಿ. ಪರೀಕ್ಷೆ ಬರೆಯಲು ಹೊರಟ ಯುವಕ ಯುವತಿಯರು. ಆ ಬೋಟು ಬಿಟ್ಟರೆ ಪರೀಕ್ಷೆ ಹೋಯಿತು, ಪರೀಕ್ಷೆ ಹೋದರೆ ಕೆಲಸ ಹೋಯಿತು. "ಹತ್ತಬಾರದಿತ್ತು" ಎಂದು ಅವರ ತಾಯಂದಿರ ಎದುರು ನಿಂತು ಹೇಳುವ ಧೈರ್ಯ ಯಾರಿಗಿದೆ?

ಇನ್ನೊಂದು ಮಾತು 2009ರಲ್ಲಿ ಹಬ್ಬಿತು. ಆ ವರ್ಷ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಪ್ರವಾಸೋದ್ಯಮ ನಿಗಮದ 'ಜಲಕನ್ಯಕ' ಎಂಬ ಎರಡು ಅಂತಸ್ತಿನ ಹೊಸ ಬೋಟು ಮಗುಚಿ 45 ಮಂದಿ ತೀರಿಕೊಂಡರು. ಕಾಡುಪ್ರಾಣಿಗಳನ್ನು ಕಂಡು ಪ್ರಯಾಣಿಕರೆಲ್ಲ ಒಂದೇ ಬದಿಗೆ ನುಗ್ಗಿದರಂತೆ, ಅದಕ್ಕೇ ಮಗುಚಿತಂತೆ ಎಂದರು. ಪ್ರಾಣಿ ತೋರಿಸುತ್ತೇವೆಂದು ಹಣ ಪಡೆದ ಮೇಲೆ ಪ್ರಾಣಿ ಕಂಡಾಗ ಜನ ಎದ್ದು ನೋಡದೆ ಕಣ್ಣು ಮುಚ್ಚಿ ಕುಳಿತಿರುತ್ತಾರೆಯೇ? ಪ್ರಯಾಣಿಕರ ಹಡಗುಗಳಿಗಿರುವ ಅಂತರರಾಷ್ಟ್ರೀಯ ನಿಯಮವು ಜನರೆಲ್ಲ ಒಂದೇ ಬದಿಗೆ ಸರಿದರೂ ಹಡಗು 10 ಡಿಗ್ರಿಗಿಂತ ಹೆಚ್ಚು ವಾಲಕೂಡದು ಎಂದೇ ಹೇಳುತ್ತದೆ. ಅಂದರೆ ಜನ ಒಂದು ಬದಿಗೆ ಓಡುತ್ತಾರೆ ಎಂಬುದು ಕಟ್ಟುವವನ ಲೆಕ್ಕದೊಳಗೇ ಇರಬೇಕಾದ ಸಂಗತಿ. ಮೇಲೆ ಭಾರ ಹೆಚ್ಚಿದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ, ವಸ್ತು ಸುಲಭವಾಗಿ ಮಗುಚುತ್ತದೆ ಎಂದು ತರಗತಿಯಲ್ಲಿ ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಮಾಳಿಗೆ ಕೂರಿಸಿದವರಿಗೆ ಈ ಪಾಠ ತಿಳಿಯದೆ ಹೋಯಿತೇ?

ಇಷ್ಟು ಹೇಳಿದರೆ ಪ್ರಯಾಣಿಕರ ಮಾತು ಮುಗಿಯಿತು. ಅಧ್ಯಾಪಕರಾದ ನಮ್ಮ ಮಾತು ಮುಗಿಯುವುದಿಲ್ಲ.

2007ರ ಫೆಬ್ರವರಿ 20ರಂದು ಅಂಗಮಾಲಿ ಕಡೆಯ ಒಂದು ಶಾಲೆಯ ಮಕ್ಕಳು ತಟ್ಟೇಕ್ಕಾಡಿಗೆ ವಿನೋದಯಾತ್ರೆ ಹೋದರು. ಪೆರಿಯಾರ್ ನದಿಯಲ್ಲಿ ಬೋಟು ಮುಳುಗಿತು. ಸತ್ತವರು 15 ಮಕ್ಕಳು, ಮೂವರು ಅಧ್ಯಾಪಿಕೆಯರು. ಮಿತಿಮೀರಿ ಜನ ತುಂಬಿದ್ದ ಬೋಟು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಮತ್ತೆ ಅದೇ ಕಥೆ: 12 ಮಕ್ಕಳು, ಇಬ್ಬರು ಅಧ್ಯಾಪಿಕೆಯರು. ಅಲ್ಲೂ ಮಿತಿಗಿಂತ ಹೆಚ್ಚು ಜನ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಕೆರೆಯನ್ನು ವಹಿಸಿಕೊಂಡ ಗುತ್ತಿಗೆದಾರರನ್ನು ಹಿಡಿದರು, ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಇಂಥ ಸುದ್ದಿ ಬಂದ ದಿನ ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಎರಡು ಪಕ್ಷವಾಗುತ್ತದೆ. ಮಕ್ಕಳೊಂದಿಗೆ ಪ್ರಾಣ ಬಿಟ್ಟವರ ಮೇಲೆ ಬೆರಳು ತೋರಿಸುವುದು ಪಾಪ ಎನ್ನುತ್ತಾರೆ ಒಬ್ಬರು. ಬೋಟು ಕಟ್ಟಿದವರು ಅವರಲ್ಲ, ಪರವಾನಿಗೆ ಕೊಟ್ಟವರೂ ಅವರಲ್ಲ. ಸತ್ಯವೇ. ಇನ್ನೊಬ್ಬರು, "ಮಗು ತಾನಾಗಿ ಹತ್ತಲಿಲ್ಲ, ಟೀಚರು ಹತ್ತು ಎಂದುದಕ್ಕೆ ಹತ್ತಿತು" ಎನ್ನುತ್ತಾರೆ. ಅದೂ ಸತ್ಯವೇ. ನಮ್ಮ ಮನಸ್ಸು ಎರಡನೆಯವರ ಕಡೆಗೇ ವಾಲುತ್ತದೆ. ತೀರಿಕೊಂಡ ಆ ಸೋದರಿಯರನ್ನು ದೂರಲಿಕ್ಕಲ್ಲ, ನಾಳೆ ದಕ್ಕೆಯ ಮೇಲೆ ನಿಲ್ಲುವವರು ನಾವೇ ಆದುದರಿಂದ.

ನ್ಯಾಯಾಲಯ ಈ ದಾರಿಯಲ್ಲಿ ಮೊದಲೇ ನಡೆದಿದೆ. 1995ರಲ್ಲಿ ಪಠಾಣಕೋಟದ ಬಳಿಯ ಶಾಲೆಯೊಂದರ 14 ಮಕ್ಕಳು ವಿಹಾರಕ್ಕೆ ಹೋದಾಗ ಬಿಯಾಸ್ ನದಿಯಲ್ಲಿ ಮುಳುಗಿ ಹೋದರು. ಅಲ್ಲಿ ದೋಣಿಯ ಮಾತಿಲ್ಲ, ನದಿಯಷ್ಟೇ. ಪ್ರತಿ ಮಗುವಿನ ಕುಟುಂಬಕ್ಕೆ ಐದು ಲಕ್ಷ ರೂಪಾಯಿ ಪರಿಹಾರವನ್ನು 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಜೊತೆಗಿದ್ದ ಅಧ್ಯಾಪಕರ ಅಜಾಗ್ರತೆಗೆ ಶಾಲೆಯೂ ಹೊಣೆ ಎಂದಿತು. ಮನೆಯಿಂದ ಹೊರಟ ಮಗುವಿಗೆ ತಂದೆತಾಯಿಯ ಸ್ಥಾನದಲ್ಲಿ ನಿಂತವರು ಅಧ್ಯಾಪಕರು ಎಂಬುದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಆ ಹೆಮ್ಮೆಯ ಬೆಲೆ ಇದು.

ದಕ್ಕೆಯಲ್ಲಿ "ಬೇಡ" ಎನ್ನುವುದು ಸುಲಭವಲ್ಲ. ಮುಂಗಡ ಕೊಟ್ಟಾಗಿದೆ. ಮಕ್ಕಳು ತಿಂಗಳಿಂದ ಕಾದಿದ್ದಾರೆ. ಏಜೆಂಟರು, "ಸಾರೇ, ದಿನಾ ಇಷ್ಟೇ ಜನ ಹೋಗುವುದು" ಎನ್ನುತ್ತಾರೆ. ಲೈಫ್ ಜಾಕೆಟುಗಳು ಇವೆ, ಮೂಲೆಯಲ್ಲಿ ರಾಶಿ ಬಿದ್ದಿವೆ. ಮೇಲಿರುವ ಜಾಕೆಟು ನೀರಿಗೆ ಬಿದ್ದ ಮಗುವಿನ ಮೈಗೆ ತಾನಾಗಿ ಬರುವುದಿಲ್ಲ. ದಡದಲ್ಲೇ ತೊಡಿಸಿ, ಪಟ್ಟಿ ಬಿಗಿದು, ತಲೆ ಎಣಿಸಿ, ಪರವಾನಿಗೆಯಲ್ಲಿ ಬರೆದ ಸಂಖ್ಯೆಯೊಡನೆ ತಾಳೆ ನೋಡಿ ಹತ್ತಿಸಬೇಕು. ಪರವಾನಿಗೆ ತೋರಿಸಲು ತಡವರಿಸಿದರೆ ಹಿಂತಿರುಗಬೇಕು. ಸೂರ್ಯ ಇಳಿದ ಮೇಲಂತೂ ಮಾತೇ ಇಲ್ಲ. ಮುಂಗಡ ಹೋದರೆ ಹೋಗಲಿ, ಮಕ್ಕಳು ಬಸ್ಸಿನಲ್ಲಿ ಅತ್ತರೆ ಅಳಲಿ.

ಕಾಸರಗೋಡಿನ ನಮಗೆ ಇನ್ನೊಂದು ಕೆಲಸವೂ ಇದೆ. ತೆಂಕಣ ಕಾಯಲುಗಳ ಬೋಟಿನವರು ಹೇಳುವ ನಾಲ್ಕು ಎಚ್ಚರಿಕೆಯ ಮಾತು ಮಲಯಾಳದಲ್ಲಿ, ಅದೂ ಇಂಜಿನ್ನಿನ ಸದ್ದಿನ ನಡುವೆ. ಪೇಟೆಯ ಮಕ್ಕಳಿಗೆ ತಿಳಿದೀತು. ಗಡಿಯ ಒಳನಾಡಿನಿಂದ ಬರುವ, ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಆಡುವ ಐದನೇ ತರಗತಿಯ ಮಗುವಿಗೆ ಗಾಬರಿಯ ಹೊತ್ತಿನಲ್ಲಿ ಅದು ತಲೆಗೆ ಹೋದೀತೆಂದು ನಂಬಿ ಕೂರಬಾರದು. ಬೋಟು ಬಿಡುವ ಮೊದಲು ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸಬೇಕು, ಇಲ್ಲವೇ ನಾವೇ ಹೇಳಬೇಕು.

ಕೊನೆಗೆ ರಕ್ಷಕರಲ್ಲಿ ಒಂದು ಮಾತು. ಪ್ರವಾಸದ ಮೊದಲು ಶಾಲೆಯಿಂದ ಒಪ್ಪಿಗೆ ಪತ್ರ ಬರುತ್ತದೆ. ಅವಘಡವಾದರೆ ಶಾಲೆ ಹೊಣೆಯಲ್ಲ ಎಂಬ ಸಾಲು ಕೆಲವು ಕಡೆ ಅದರಲ್ಲಿರುತ್ತದೆ. ಅಂಥ ಸಾಲಿಗೆ ಸಹಿ ಹಾಕಿದ ಮಾತ್ರಕ್ಕೆ ನಮ್ಮ ಅಜಾಗ್ರತೆ ಮಾಫಿಯಾಗುವುದಿಲ್ಲ. ಪತ್ರ ಕೈಗೆ ಬಂದಾಗ ಜಲಯಾನ ಇದೆಯೇ, ಯಾವ ಬೋಟು, ಎಷ್ಟು ಹೊತ್ತಿಗೆ, ಎಷ್ಟು ಮಕ್ಕಳಿಗೆ ಎಷ್ಟು ಮಂದಿ ಅಧ್ಯಾಪಕರು ಎಂದು ಶಾಲೆಗೆ ಬಂದು ಕೇಳಿ. ಕೇಳಿದರೆ ನಮಗೇನೂ ಬೇಸರವಿಲ್ಲ. ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.